ಬರಿ ಚಿನ್ನ

ಗೆರೆ ಏರುತ್ತಲೇ ಇತ್ತು. ಹಿಲ್ಲೆವಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಹೋದ ವರ್ಷ ಎಲ್ಲಿಗೆ ಬಂದು ಸುಸ್ತಾಗಿ ಮಲಗಿತ್ತೋ ಆ ಎತ್ತರವನ್ನು ದಾಟಿತು, ಅದರ ಹಿಂದಿನ ವರ್ಷದ್ದನ್ನೂ ದಾಟಿತು, ಇನ್ನೂ ಏರುತ್ತಿತ್ತು. ಪಂಪು ತನ್ನ ಪಾಡಿಗೆ ತಾನು ಟಿಕ್ಕು ಟಿಕ್ಕೆನ್ನುತ್ತ, ಬರ್ಚ್ ಮರದ ಪರಾಗ ನೆನೆಸಿ ಸೋಸಿದ ನೀರನ್ನು ಉಗುರಗಲದ ಚಿನ್ನದ ತುಂಡಿನ ಮೇಲೆ ಹಾಯಿಸುತ್ತಿತ್ತು.

“ಗುನ್ನೆಲ್, ಬಾ ಇಲ್ಲಿ. ಬೇಗ ಬಾ. ಇವನನ್ನ ನೋಡು.”

ಗುನ್ನೆಲ್ ಕಾಫಿ ಲೋಟ ಹಿಡಿದುಕೊಂಡೇ ಬಂದು ಹೊಸ್ತಿಲಲ್ಲಿ ನಿಂತಳು. ಲೋಟದ ಸಮೇತ ಒಳಗೆ ಕಾಲಿಡುವಂತಿಲ್ಲ, ಪ್ರಯೋಗಾಲಯದ ಮುಖ್ಯಸ್ಥೆಯಾದರೂ ಅಷ್ಟೇ.

“ಯಾರನ್ನ?”

“ಸ್ತಾಫನ್‌ನ. ಹೆಂಗೆ ಸೀನ್ತಾ ಇದಾನೆ ನೋಡು. ಮೂಗಿಗೆ ಕರ್ಚೀಫೂ ಅಡ್ಡ ಇಟ್ಕೊಂಡಿಲ್ಲ.”

“ಅವನು ಯಾವತ್ತು ಇಟ್ಕೊಂಡಿದ್ದ?” ಗುನ್ನೆಲ್ ನಕ್ಕು ಕತ್ತು ಉದ್ದ ಮಾಡಿ ಪರದೆ ನೋಡಿದಳು. ನಗು ಅರ್ಧಕ್ಕೆ ನಿಂತಿತು. “ಇಷ್ಟೊಂದಾ?”

“ಇಷ್ಟೊಂದು.”

“ಹೋದ ವರ್ಷ ಇದರ ಕಾಲು ಭಾಗನೂ ಇರಲಿಲ್ಲ.”

“ಹೋದ ವರ್ಷ ಪರಾಗ ಸರಿ ಇರಲಿಲ್ಲ ಅಂತ ಕಾಣುತ್ತೆ,” ಎಂದಳು ಹಿಲ್ಲೆವಿ. ಪ್ರತಿ ವಸಂತದಲ್ಲೂ ತನ್ನ ಬಾಲ್ಕನಿಯ ಎದುರಿನ ಅದೇ ಮರದ ಅದೇ ಕೊಂಬೆಯಿಂದ ಅವಳು ಪರಾಗ ಉದುರಿಸಿ ತರುವುದು ಗುನ್ನೆಲ್‌ಗೆ ಗೊತ್ತಿತ್ತು. ಏನೋ ಹೇಳಲು ಬಾಯಿ ತೆರೆದವಳು ಹಿಲ್ಲೆವಿಯ ಮುಖ ನೋಡಿ, ತೆರೆದ ಬಾಯಿಗೆ ಕಾಫಿ ಸುರಿದುಕೊಂಡು ಹೊರಟುಹೋದಳು.

ಸ್ತಾಫನ್ ಹಿಲ್ಲೆವಿಯ ಗಂಡ. ಉಪ್ಸಾಲಾದ ಇದೇ ಪ್ರಯೋಗಾಲಯದಲ್ಲಿ ಚಿನ್ನದ ಕೆಲಸ ಅವನದಾಗಿತ್ತು. ಗಾಳಿ ಹೀರಿ ತೆಗೆದ ಪಾತ್ರೆಯೊಳಗೆ ಚಿನ್ನವನ್ನು ಆವಿ ಮಾಡಿ ಗಾಜಿನ ಚೂರುಗಳ ಮೇಲೆ ಕೂರಿಸುತ್ತಿದ್ದ; ಎಷ್ಟು ತೆಳ್ಳಗೆಂದರೆ ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಹಸಿರಾಗಿ ಕಾಣಬೇಕು. ಉಳಿದವರು ಆ ಚಿನ್ನದ ಮೇಲೆ ತಮತಮಗೆ ಬೇಕಾದ್ದನ್ನು ಅಂಟಿಸಿಕೊಳ್ಳುತ್ತಿದ್ದರು. ಹಾಲಿನಲ್ಲಿ ಸೇರಿದ ಔಷಧವನ್ನು ಹಿಡಿಯುವಂಥದ್ದು ಒಬ್ಬರದು, ರಕ್ತದಲ್ಲಿ ರೋಗದ ಸುಳಿವು ಹಿಡಿಯುವಂಥದ್ದು ಇನ್ನೊಬ್ಬರದು. ಹಿಡಿಯಬೇಕಾದ್ದು ಹರಿದು ಬಂದು ಸಿಕ್ಕಿಕೊಂಡರೆ ಚಿನ್ನದ ಹಿಂಬದಿಯಿಂದ ಮರಳುವ ಬೆಳಕು ಒಂದಿಷ್ಟು ವಾಲುತ್ತದೆ, ಪರದೆಯಲ್ಲಿ ಗೆರೆ ಏರುತ್ತದೆ. ಆಮೇಲೆ ನಿಂಬೆರಸದಷ್ಟು ಹುಳಿಯ ಆಮ್ಲ ಹಾಯಿಸಿದರೆ ಹಿಡಿದದ್ದು ಕೈ ಬಿಡುತ್ತದೆ, ಗೆರೆ ಇಳಿದು ಮೊದಲಿನ ಜಾಗಕ್ಕೆ ಬರುತ್ತದೆ, ತುಂಡು ಮತ್ತೆ ಬಳಕೆಗೆ ಸಿದ್ಧ. ಹಿಡಿಯುವುದನ್ನು ಯಾವುದಕ್ಕಾದರೂ ಕಲಿಸಬಹುದು, ಬಿಡುವುದನ್ನು ಕಲಿಸುವುದಕ್ಕೇ ನಾವು ಸಂಬಳ ಪಡೆಯುವುದು ಎಂದು ಹೊಸಬರು ಬಂದಾಗೆಲ್ಲ ಸ್ತಾಫನ್ ಹೇಳುತ್ತಿದ್ದ.

ಬರ್ಚ್ ಮರವೆಂದರೆ ಅವನಿಗೆ ಆಗುತ್ತಿರಲಿಲ್ಲ. ಚಳಿಗಾಲದ ಕೊನೆಗೆ ಊರಿಗೆ ಊರೇ ಬಿಸಿಲಿಗೆ ಮೈಯೊಡ್ಡಿ ಹುಲ್ಲಿನ ಮೇಲೆ ಬಿದ್ದುಕೊಂಡಿರುವಾಗ ಇವನೊಬ್ಬ ಕಿಟಕಿ ಬಿಗಿದುಕೊಂಡು, ಕಣ್ಣು ಕೆಂಡವಾಗಿ, ಮೂಗು ತೊಟ್ಟಿಕ್ಕಿಸಿಕೊಂಡು ಕೂತಿರುತ್ತಿದ್ದ. ವರ್ಷಗಟ್ಟಲೆ ಚುಚ್ಚುಮದ್ದು ಹಾಕಿಸಿಕೊಂಡ. ಬೇನೆ ಅರ್ಧ ಇಳಿಯಿತು, ರಕ್ತದಲ್ಲಿ ಬರ್ಚ್ ಪರಾಗವನ್ನು ಕಂಡಲ್ಲೇ ಹಿಡಿಯುವ ಆಂಟಿಬಾಡಿಗಳು ತುಂಬಿಕೊಂಡವು. ಒಂದು ಶುಕ್ರವಾರ ಕೆಲಸವಿಲ್ಲದ ಹೊತ್ತಿನಲ್ಲಿ ಅವನು ತನ್ನದೇ ರಕ್ತದಿಂದ ಅವನ್ನು ಬೇರ್ಪಡಿಸಿ, ತಾನೇ ಮಾಡಿದ ಚಿನ್ನದ ಮೇಲೆ ಸಾಲಾಗಿ ನೆಟ್ಟ. ಪರಾಗದ ನೀರು ಹಾಯಿಸಿದ. ಗೆರೆ ಜಿಗಿಯಿತು. “ನೋಡಿದ್ಯಾ ಹಿಲ್ಲೆ, ನಾನು ಸತ್ತರೂ ಇದಕ್ಕೆ ನೆಗಡಿ ಬಿಡಲ್ಲ,” ಎಂದು ಮೇಜು ಕುಟ್ಟಿ ನಕ್ಕಿದ್ದ.

ಅವನು ಸತ್ತದ್ದು ಫೆಬ್ರವರಿಯಲ್ಲಿ, ಸ್ಕೀ ಕಟ್ಟಿಕೊಂಡು ಹಿಮದಲ್ಲಿ ಜಾರುವ ದಾರಿಯ ಮೇಲೆ, ತಲೆಯೊಳಗೆ ರಕ್ತನಾಳ ಒಡೆದು. ಎಲ್ಲೂ ಒಂದು ಎಲೆಯಿರಲಿಲ್ಲ. ಅವನ ಬಟ್ಟೆ, ಸ್ಕೀ, ಪುಸ್ತಕಗಳನ್ನೆಲ್ಲ ಹಿಲ್ಲೆವಿ ಆ ಬೇಸಿಗೆಯಲ್ಲೇ ಕೊಟ್ಟು ಮುಗಿಸಿದಳು. ಅತ್ತು ಕರೆಯುವ ಹೆಂಗಸಲ್ಲ. ಈ ಒಂದು ತುಂಡನ್ನು ಮಾತ್ರ ಉಪ್ಪುನೀರಿನ ನಳಿಕೆಯಲ್ಲಿ ಮುಳುಗಿಸಿ ಫ್ರಿಜ್ಜಿನ ಹಿಂಬದಿಯ ಮೂಲೆಯಲ್ಲಿಟ್ಟಳು. ವರ್ಷಕ್ಕೊಮ್ಮೆ, ಮರ ಹೂಬಿಟ್ಟ ವಾರದಲ್ಲಿ, ಹೊರಗೆ ತೆಗೆದು ಪರಾಗ ತೋರಿಸುತ್ತಿದ್ದಳು. ಗೆರೆ ಏರುತ್ತಿತ್ತು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಅವನದ್ದು ಅನ್ನುವ ಯಾವುದೋ ಒಂದು ಈ ಲೋಕದಲ್ಲಿ ಇನ್ನೂ ಏನನ್ನೋ ಗುರುತಿಸುತ್ತಿದೆ, ಸಿಡುಕುತ್ತಿದೆ. ಆದರೆ ಬಿಡಿಸುವ ಆಮ್ಲ ಪ್ರತಿಸಲವೂ ನೆಟ್ಟದ್ದರಲ್ಲಿ ಒಂದಿಷ್ಟನ್ನು ಕಿತ್ತುಕೊಂಡು ಹೋಗುತ್ತದೆ, ಕಾಲವೂ ತನ್ನ ಪಾಲು ಕೇಳುತ್ತದೆ. ವರ್ಷ ವರ್ಷ ಗೆರೆ ಗಿಡ್ಡವಾಗುತ್ತ ಬಂದಿತ್ತು. ಈ ಸಲ ಏಳದಿದ್ದರೆ ಏನು ಮಾಡುವುದೆಂಬ ಹೆದರಿಕೆಗೆ ಅವಳು ವಾರವಿಡೀ ನೆಪ ಹೇಳಿ ಮುಂದೂಡಿದ್ದಳು.

ಈಗ ನೋಡಿದರೆ ಇದು. ಪ್ರಾಯದ ಸ್ತಾಫನ್. ಹಿಲ್ಲೆವಿ ತನ್ನಷ್ಟಕ್ಕೆ ನಕ್ಕಳು. ಎದ್ದು ಹೋಗಿ ಕಿಟಕಿಯ ಪರದೆ ಸರಿಸಿದಳು, ಬಿಸಿಲು ಮೇಜಿನ ಮೇಲೆ ಬಿತ್ತು. ಮತ್ತೆ ಬಂದು ಕೂತು ಪಂಪಿನ ಕೊಳವೆಯನ್ನು ಆಮ್ಲದ ಸೀಸೆಗೆ ಬದಲಿಸಿದಳು.

ಗೆರೆ ಇಳಿಯಲಿಲ್ಲ.

ಆಮ್ಲ ಹಾದುಹೋಗುವಾಗ ಸ್ವಲ್ಪ ಅಲುಗಾಡಿತು, ಕಳೆದುಹೋದ ಮೇಲೆ ಮತ್ತೆ ಅಲ್ಲಿಗೇ ಬಂದು ನಿಂತಿತು. ಪಂಪಿನಲ್ಲಿ ಗುಳ್ಳೆ ಸೇರಿರಬೇಕು ಎಂದುಕೊಂಡು ಗುಳ್ಳೆ ಬಿಡಿಸಿದಳು. ಸೀಸೆಯನ್ನು ಮೂಗಿನ ಹತ್ತಿರ ತಂದು, ಅದಕ್ಕೆ ವಾಸನೆಯಿಲ್ಲವೆಂಬುದು ನೆನಪಾಗಿ ಕೆಳಗಿಟ್ಟಳು. ಹೊಸದಾಗಿ ಆಮ್ಲ ಬೆರೆಸಿ ಹಾಯಿಸಿದಳು. ಇನ್ನೂ ಹುಳಿ ಮಾಡಿ ಹಾಯಿಸಿದಳು. ಅಷ್ಟು ಹುಳಿಗೆ ಸ್ತಾಫನ್‌ನಲ್ಲಿ ಉಳಿದದ್ದೆಲ್ಲ ಹೋಗಿಬಿಡುತ್ತದೆಂದು ಗೊತ್ತಿದ್ದೂ ಹಾಯಿಸಿದಳು. ಗೆರೆ ಗೋಡೆಗೆ ಹೊಡೆದ ಮೊಳೆಯ ಹಾಗೆ ಇದ್ದಲ್ಲೇ ಇತ್ತು.

ಹಾಗೆ ಹಿಡಿದು ಬಿಡದಿರುವ ವಸ್ತು ಯಾವುದೆಂದು ಆ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು. ತೊಳೆದ ಬರಿ ಚಿನ್ನ. ಮೇಲೆ ಏನೂ ಇಲ್ಲದ ಚಿನ್ನಕ್ಕೆ ಇದು ಬೇಕು, ಅದು ಬೇಡ ಎಂಬುದಿಲ್ಲ. ಹಾಲು, ರಕ್ತ, ಎಂಜಲು, ಪರಾಗ, ಕೊನೆಗೆ ಗಾಳಿಯ ಜಿಡ್ಡು, ಸಿಕ್ಕಿದ್ದನ್ನೆಲ್ಲ ಬಾಚಿ ತಬ್ಬಿಕೊಳ್ಳುತ್ತದೆ. ತೊಳೆದು ಮಡಿ ಮಾಡಿ ಒಂದು ಗಳಿಗೆ ಹಾಗೇ ಬಿಟ್ಟರೆ ಸಾಕು, ಮತ್ತೆ ಮೈಲಿಗೆ. ಹಾಗಾಗಿಯೇ ಅದನ್ನು ನೀರಿನಿಂದ ಹೊರಗೆ ಬಿಡುವುದಿಲ್ಲ.

ಹಿಲ್ಲೆವಿ ಮೇಜಿನ ಮೇಲಿದ್ದ ನಳಿಕೆಯ ಮುಚ್ಚಳವನ್ನು ತಿರುಗಿಸಿದಳು. ಬೆಳಗ್ಗೆ ಅವಸರದಲ್ಲಿ ನೋಡಿರಲಿಲ್ಲ. ಮುಚ್ಚಳದ ನೆತ್ತಿಯ ಮೇಲೆ ಹಸಿರು ಶಾಯಿಯ ಒಂದು ಚುಕ್ಕೆಯಿತ್ತು. ತೊಳೆದಿದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು ಎಂದು ಅದರ ಅರ್ಥ.

*

ಮೂರು ಗಂಟೆಗೆ ಕಾಫಿ. ಪ್ರಳಯವಾದರೂ ಆ ಕಟ್ಟಡದಲ್ಲಿ ಮೂರು ಗಂಟೆಗೆ ಕಾಫಿಯೇ. ಗುನ್ನೆಲ್ ದಾಲ್ಚಿನ್ನಿ ಬನ್ನುಗಳ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಎದುರಿಗೆ ಎಸ್ಕಿಲ್, ಹೋದ ಶರತ್ಕಾಲದಲ್ಲಿ ಉತ್ತರದ ಕಾಡುಸೀಮೆಯಿಂದ ಬಂದು ಸೇರಿದ ಸಂಶೋಧಕ, ತನ್ನ ಬನ್ನಿನ ಸುರುಳಿಯನ್ನು ಬಿಚ್ಚಿ ಬಿಚ್ಚಿ ತಿನ್ನುತ್ತಿದ್ದ.

“ಹೋದ ಶುಕ್ರವಾರ ತೊಳೆಯೋ ಸರದಿ ಯಾರದ್ದು?” ಹಿಲ್ಲೆವಿ ನಿಂತುಕೊಂಡೇ ಕೇಳಿದಳು.

ಎಸ್ಕಿಲ್ ಚುರ್ರೆಂದು ಉಸಿರು ಒಳಗೆಳೆದುಕೊಂಡ.

“ಅದು ಹೌದು ಅಂತಾನಾ, ಕಾಫಿ ನಾಲಿಗೆ ಸುಡ್ತಾ?” ಎಂದಳು ಗುನ್ನೆಲ್. “ಒಂದು ಹೌದು ಅನ್ನೋಕ್ಕೂ ಬಾಯಿ ಬಿಡಲ್ವಲ್ಲೋ ನಿಮ್ಮ ಕಡೆಯವರು.”

“ಬಾಯಿ ಬಿಟ್ಟರೆ ಚಳಿ ಒಳಗೆ ಹೋಗುತ್ತೆ,” ಎಂದ ಎಸ್ಕಿಲ್. “ಹೌದು, ನಂದೇ ಸರದಿ. ಯಾಕೆ ಹಿಲ್ಲೆವಿ, ಚೆನ್ನಾಗಿ ತೊಳೆದಿಲ್ವಾ?”

“ಚೆನ್ನಾಗೇ ತೊಳೆದಿದೀಯ.”

ಅವಳು ಮುಚ್ಚಳವನ್ನು ತಟ್ಟೆಯ ಪಕ್ಕದಲ್ಲಿಟ್ಟಳು.

“ಓ, ಇದಾ. ಇದು ಫ್ರಿಜ್ಜಲ್ಲಿ ತೀರಾ ಹಿಂದೆ ಬಿದ್ದಿತ್ತು. ಸ್ತಾಫನ್ ಅಂತ ಬರೆದಿತ್ತು ನಳಿಕೆ ಮೇಲೆ. ಆ ಹೆಸರಿನವರು ಇಲ್ಲಿ ಯಾರೂ ಇಲ್ವಲ್ಲ, ಬಿಟ್ಟು ಹೋದವರದ್ದು ಇರಬೇಕು ಅಂತ ತೊಳೆಯೋ ಪಾತ್ರೆಗೆ ಹಾಕಿದೆ.” ಎಸ್ಕಿಲ್ ಬನ್ನು ಬಿಟ್ಟು ಮುಂದೆ ಬಾಗಿದ. ಕಣ್ಣುಗಳು ಅರಳಿದ್ದವು. “ಚಿನ್ನ ಮಾತ್ರ ಎಂಥಾ ಚಿನ್ನ ಅಂತೀಯ. ಒಂದು ಗೀರಿಲ್ಲ, ಒಂದು ತೂತಿಲ್ಲ. ಈಗ ಯಾರು ಹಿಂಗೆ ಕೂರಿಸ್ತಾರೆ? ಅದಕ್ಕೇ ಇನ್ನೊಂದು ಸಲ ಅಮೋನಿಯಾ, ಪೆರಾಕ್ಸೈಡ್ ಹೊಸದಾಗಿ ಕಾಯಿಸಿ ತೊಳೆದೆ. ನೀರು ಬಿಟ್ಟು ನೋಡಿದೆ, ಹನಿನೇ ನಿಲ್ಲಲಿಲ್ಲ. ಹರಡ್ಕೊಂಡು ಹೋಯ್ತು ಕನ್ನಡಿ ಥರ. ಚುಕ್ಕೆ ಹಾಕಿ ಅದೇ ನಳಿಕೆಲಿ ಅಲ್ಲೇ ವಾಪಸ್ ಇಟ್ಟೆ.”

“ಎಸ್ಕಿಲ್,” ಎಂದಳು ಗುನ್ನೆಲ್ ಸಣ್ಣಗೆ.

“ಏನು? ಬೇಕಿತ್ತಾ ಯಾರಿಗಾದ್ರೂ?” ಅವನು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. “ನಿಂದಾ ಹಿಲ್ಲೆವಿ? ನಿನ್ನ ಹೆಸರು ಬರ್ಕೊಂಡಿದ್ರೆ ನಾನು ಮುಟ್ತಾನೇ ಇರಲಿಲ್ಲ. ಗೋಡೆ ಮೇಲೆ ಹಾಕಿದೀಯಲ್ಲ ನೀನೇ.”

ಹಾಕಿದ್ದಳು. ಫ್ರಿಜ್ಜಿನ ಪಕ್ಕದ ಗೋಡೆಯ ಮೇಲಿನ ನಿಯಮ ಹಿಲ್ಲೆವಿಯ ಕೈಬರಹ. ಇಲ್ಲಿ ಈಗ ಕೆಲಸ ಮಾಡುತ್ತಿರುವವರ ಹೆಸರಿಲ್ಲದ್ದೆಲ್ಲ ತೊಳೆಯುವ ಪಾತ್ರೆಗೆ. ಅವಳ ವಠಾರದ ಬಟ್ಟೆ ತೊಳೆಯುವ ಕೋಣೆಯಲ್ಲೂ ಇಂಥದ್ದೇ ಬೋರ್ಡಿದೆ, ಅದಕ್ಕೂ ಅವಳೇ ಕಾರಣ. ಪ್ರತಿ ಜನವರಿಯಲ್ಲಿ ಎಲ್ಲರೂ ತಮ್ಮ ನಳಿಕೆಗಳಿಗೆ ಹೊಸ ಪಟ್ಟಿ ಅಂಟಿಸಿ ಹೆಸರು ಬರೆಯಬೇಕು. ಹಿಲ್ಲೆವಿ ತನ್ನವೆಲ್ಲಕ್ಕೂ ಮೊದಲು ಆ ಒಂದಕ್ಕೆ ಬರೆಯುತ್ತಿದ್ದಳು. ಪೆನ್ನು ಹಿಡಿದ ಕೈಗೆ ಅವನ ಹೆಸರು ಬಿಟ್ಟು ತನ್ನ ಹೆಸರು ಬರುತ್ತಿರಲಿಲ್ಲ. ಹಳಬರು ಕಂಡೂ ಕಾಣದವರಂತಿದ್ದರು. ಹೊಸಬನಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

“ಸರಿ, ತಪ್ಪು ನಂದು,” ಎಂದ ಎಸ್ಕಿಲ್. “ಶುಕ್ರವಾರದ ಕೇಕು ನಂದು.”

ಅಲ್ಲಿ ಕೆಲಸ ಕೆಡಿಸಿದವರು ಕೇಕು ತರಬೇಕು, ತಂದರೆ ಆ ಮಾತು ಮುಗಿಯಿತು. ಒಮ್ಮೆ ನಿರ್ವಾತ ಪಂಪು ಸುಟ್ಟ ಸ್ತಾಫನ್ ಮೂರು ಅಂತಸ್ತಿನದು ತಂದಿದ್ದ.

“ಹಸಿರುದು ತಾ,” ಎಂದಳು ಹಿಲ್ಲೆವಿ. “ಮೇಲೆ ಬಾದಾಮಿ ಹೊದಿಕೆ ಇರುತ್ತಲ್ಲ, ಅದು.” ಮುಚ್ಚಳವನ್ನು ಎತ್ತಿ ಜೇಬಿಗೆ ಹಾಕಿಕೊಂಡು ಹೊರಗೆ ಹೋದಳು. ಹಿಂದೆ ಗುನ್ನೆಲ್ ತಗ್ಗಿದ ದನಿಯಲ್ಲಿ ಏನೋ ಹೇಳುವುದು, ಆಮೇಲೆ ಎಸ್ಕಿಲ್‌ನ ಕುರ್ಚಿ ನೆಲಕ್ಕೆ ಉಜ್ಜುವುದು ಕೇಳಿಸಿತು.

*

ಸಂಜೆ ವಠಾರದಲ್ಲಿ ಬಟ್ಟೆ ತೊಳೆಯುವ ಸರದಿ ಹಿಲ್ಲೆವಿಯದು. ನೆಲಮಾಳಿಗೆಯ ಕೋಣೆಯ ಎತ್ತರದ ಕಿಂಡಿಯಿಂದ ಮೇ ತಿಂಗಳ ಮುಗಿಯದ ಬೆಳಕು ಬರುತ್ತಿತ್ತು. ಕಿಂಡಿಯ ಅಂಚಿನಲ್ಲಿ ಹಳದಿ ಪರಾಗದ ಪುಡಿ ಕೂತಿತ್ತು. ಗುನ್ನೆಲ್ ಕೋಟು ಬಿಚ್ಚದೆ ಬಂದು ಬೆಂಚಿನ ಮೇಲೆ ಕೂತಳು.

“ಅವನು ಪಾಪ, ಮಧ್ಯಾಹ್ನದಿಂದ ಯಾರನ್ನೂ ಮಾತಾಡಿಸ್ತಿಲ್ಲ.”

“ಅವನದ್ದೇನು ತಪ್ಪು? ಸ್ತಾಫನ್ ಅನ್ನೋರು ಯಾರೂ ಇಲ್ಲ ಅಲ್ಲಿ. ನಿಜಾನೇ ಹೇಳಿದ.”

“ಹಿಲ್ಲೆ.”

“ನಿನಗೆ ಆಗಲೇ ಗೊತ್ತಾಯ್ತು ಅಲ್ವಾ? ಬಾಗಿಲಲ್ಲಿ ನಿಂತಾಗಲೇ?”

“ಅನುಮಾನ ಬಂತು. ಸತ್ತು ನಾಲ್ಕು ವರ್ಷ ಆದ ಮೇಲೆ ಅಷ್ಟೊಂದು ಏರೋಕೆ ಸಾಧ್ಯನಾ?”

“ಮತ್ತೆ ಯಾಕೆ ಬಾಯಿ ಮುಚ್ಕೊಂಡು ಹೋದೆ?”

“ನಿನ್ನ ಮುಖ ನೋಡಿ. ಅವನು ಹೋದ ಮೇಲೆ ನಿನ್ನ ಮುಖ ಹಂಗಿದ್ದಿದ್ದು ನಾನು ನೋಡೇ ಇರಲಿಲ್ಲ.”

ಯಂತ್ರ ಗಿರಗಿರನೆ ತಿರುಗಿ ನಿಂತಿತು. ಹಿಲ್ಲೆವಿ ಬಾಗಿಲು ತೆರೆದು ಹೊದಿಕೆಯನ್ನು ಎಳೆದಳು. ಅದು ಒಂದು ಕೈಯಿಂದ ಇನ್ನೊಂದು ಕೈಗೆ ಜಾರಿತು. ಗುನ್ನೆಲ್ ಎದ್ದು ಬಂದು ಆ ಕಡೆಯ ಎರಡು ತುದಿಗಳನ್ನು ಹಿಡಿದುಕೊಂಡಳು. ಇಬ್ಬರೂ ಹಿಂದಕ್ಕೆ ವಾಲಿ, ಬಟ್ಟೆಯ ಸುಕ್ಕು ಹೋಗುವಂತೆ ಜಗ್ಗಿದರು. ಇದು ಇಬ್ಬರು ಮಾಡುವ ಕೆಲಸ. ಇಷ್ಟು ವರ್ಷ ಹಿಲ್ಲೆವಿ ಒಂದು ತುದಿಯನ್ನು ನಲ್ಲಿಗೆ ಕಟ್ಟಿ ಜಗ್ಗುತ್ತಿದ್ದಳು.

“ಅದೇ ನಂಗೆ ತಡಕೊಳ್ಳೋಕೆ ಆಗ್ತಿಲ್ಲ,” ಎಂದಳು, ಜಗ್ಗುತ್ತಲೇ. “ನಾನು ಅವನನ್ನ ನೋಡಿದೆ ಗುನ್ನೆಲ್. ಖಂಡಿತ ಅವನೇ ಅಂತ ನೋಡಿದೆ. ಎದ್ದು ಹೋಗಿ ಕಿಟಕಿ ಪರದೆ ಸರಿಸಿದೆ. ಅಲ್ಲಿ ಅವನಿರಲಿಲ್ಲ. ಏನೂ ಇರಲಿಲ್ಲ ಅಲ್ಲಿ. ಮೂವತ್ತು ವರ್ಷ ಇದೇ ಕೆಲಸ ಮಾಡಿದೀನಿ, ಒಂದು ನೋಟಕ್ಕೆ ಗೊತ್ತಾಗಬೇಕಿತ್ತು. ಏನೂ ಇಲ್ಲದೇ ಇರೋದಕ್ಕೆ ಅವನ ಹೆಸರಿಟ್ಟು ಕರೆದೆ, ಅವನು ಇದ್ದಾಗ ಪಟ್ಟಿದ್ದಕ್ಕಿಂತ ಹೆಚ್ಚು ಖುಷಿ ಪಟ್ಟೆ.”

ಮಡಿಚಲು ಹತ್ತಿರ ಬಂದಾಗ ಇಬ್ಬರ ಬೆರಳುಗಳು ತಾಗಿದವು, ಒದ್ದೆ ಬಟ್ಟೆಯಿಂದ ತಣ್ಣಗಿದ್ದವು.

“ನನ್ನ ಫ್ರೀಜರಲ್ಲಿ ಅವನ ರಕ್ತದ ಸೀರಂ ಒಂದು ಚೂರಿದೆ,” ಎಂದಳು ಗುನ್ನೆಲ್ ಕೊನೆಗೆ. “ಚುಚ್ಚುಮದ್ದು ಹಾಕ್ತಿದ್ರಲ್ಲ, ಆ ಕಾಲದ್ದು. ಅದರಿಂದ ಮತ್ತೆ ಮಾಡಬಹುದು. ಆಗ ಮಾಡಿದ ಹಂಗೇ.”

ಹಿಲ್ಲೆವಿ ಮಡಿಚಿದ ಹೊದಿಕೆಯನ್ನು ಬುಟ್ಟಿಗೆ ಹಾಕಿ, ಅಂಗೈಯಿಂದ ಒತ್ತಿ, ಯಂತ್ರದ ಜರಡಿಯಲ್ಲಿ ಸಿಕ್ಕಿದ ನೂಲಿನ ಜೊಂಪೆ ಕಿತ್ತು ಕಸಕ್ಕೆ ಹಾಕಿದಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವಳಂಥವಳಿಂದ ಅಷ್ಟು ಬಂದರೆ ಒಪ್ಪಿಗೆಯೇ ಎಂದು ಗುನ್ನೆಲ್ ಲೆಕ್ಕ ಹಾಕಿಕೊಂಡಳು.

*

ಆ ವಾರ ಹಿಲ್ಲೆವಿ ರಜೆ ಹಾಕಲಿಲ್ಲ. ತನ್ನ ಮೇಜಿನ ಮೇಲಿನ ಕೆಲಸ ಮಾಡಿದಳು, ಫ್ರಿಜ್ಜಿನಲ್ಲಿ ಖಾಲಿಯಾದ ಮೂಲೆಗೆ ಬೇರೆ ನಳಿಕೆಗಳನ್ನು ಸರಿಸಿಟ್ಟಳು. ಮನೆಯಲ್ಲಿ ಬಾಲ್ಕನಿಯ ಬಾಗಿಲು ತೆರೆದಿಟ್ಟಳು. ಪರಾಗ ಒಳಗೆ ಬಂದು ಮೇಜಿನ ಮೇಲೆ, ದಿಂಬಿನ ಮೇಲೆ, ಗೋಡೆಯ ಚಿತ್ರದ ಚೌಕಟ್ಟಿನ ಮೇಲೆ ತೆಳ್ಳಗೆ ಕೂತಿತು. ಹಿಂದೆಲ್ಲ ಈ ತಿಂಗಳಿಡೀ ಒದ್ದೆ ಬಟ್ಟೆ ಹಿಡಿದು ಒರೆಸುವುದೇ ಕೆಲಸವಾಗಿತ್ತು. ಈಗ ಒರೆಸಲಿಲ್ಲ. ಯಾರೂ ಸೀನಲಿಲ್ಲ.

ಶುಕ್ರವಾರ ಮೂರು ಗಂಟೆಗೆ ಕಾಫಿ ಕೋಣೆಯ ಮೇಜಿನ ಮೇಲೆ ಹಸಿರು ಕೇಕಿತ್ತು, ನೆತ್ತಿಯ ಮೇಲೆ ಸಕ್ಕರೆಯ ಗುಲಾಬಿ. ಎಸ್ಕಿಲ್ ಗಡ್ಡ ಬೋಳಿಸಿಕೊಂಡು, ಇಸ್ತ್ರಿಯಾದ ಅಂಗಿ ಹಾಕಿಕೊಂಡು ಬಂದಿದ್ದ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಗುನ್ನೆಲ್ ಚಾಕು ಹಿಡಿದು ನಿಂತಿದ್ದಳು, ಕತ್ತರಿಸಿರಲಿಲ್ಲ.

“ಹಿಲ್ಲೆವಿ, ಕೇಕು ಆಮೇಲೆ ತಿನ್ನೋಣ. ಮೊದಲು ಇದು,” ಎಂದು ಎಸ್ಕಿಲ್ ಒಂದು ನಳಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. “ಗುನ್ನೆಲ್ ಎಲ್ಲಾ ಹೇಳಿದಳು. ಅದೇ ಚಿನ್ನ ಇದು, ಅವನು ಮಾಡಿದ್ದೇ. ಗಾಜಿನ ಹಿಂದೆ ಅವನು ವಜ್ರದ ಮೊನೆಯಿಂದ ಗೀಚಿದ ಗುರುತು ಹಂಗೇ ಇದೆ ನೋಡು. ನೀನು ಯಂತ್ರದಲ್ಲೇ ಬಿಟ್ಟು ಹೋಗಿದ್ದೆ. ಮತ್ತೆ ತೊಳೆದು ಅವನ ಸೀರಂದು ಕೂರಿಸಿದೀನಿ. ಒತ್ತೊತ್ತಾಗಿ ಕೂರಲಿ ಅಂತ ಇದ್ದಿದ್ದೆಲ್ಲಾ ಹಾಕಿಬಿಟ್ಟೆ.”

“ಎಲ್ಲಾನಾ?” ಎಂದಳು ಗುನ್ನೆಲ್. ಅವಳಿಗೆ ಅದು ಗೊತ್ತಿರಲಿಲ್ಲ.

“ಎಲ್ಲಾ. ಅರ್ಧಂಬರ್ಧ ಮಾಡೋದು ಬೇಡ ಅನ್ನಿಸ್ತು. ಬೆಳಗ್ಗೆ ಪರಾಗ ಹಾಯಿಸಿ ನೋಡಿದೆ ಹಿಲ್ಲೆವಿ. ಏರುತ್ತೆ. ಆಮ್ಲ ಕೊಟ್ಟರೆ ಇಳಿಯುತ್ತೆ ಕೂಡ, ಮೊದಲಿದ್ದ ಜಾಗಕ್ಕೇ ಬರುತ್ತೆ. ಇದು ಬರಿ ಚಿನ್ನ ಅಲ್ಲ. ಇದು ಅವನೇ.”

ಹಿಲ್ಲೆವಿ ನೋಡಿದಳು. ನಳಿಕೆಯ ತಳದಲ್ಲಿ ತುಂಡು ಓರೆಯಾಗಿ ನಿಂತಿತ್ತು. ಸೋಮವಾರ ಬೆಳಗ್ಗೆ ಅವಳು ಫ್ರಿಜ್ಜಿನಿಂದ ತೆಗೆದದ್ದೂ ಹೀಗೇ ಹೊಳೆಯುತ್ತಿತ್ತು. ಹೋದ ವರ್ಷದ್ದೂ ಹೀಗೇ ಇತ್ತು. ಮೂರಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇರಲಿಲ್ಲ. ಮುಚ್ಚಳ ಹೊಸದು, ಚುಕ್ಕೆಯಿಲ್ಲದ್ದು. ಬಿಳಿ ಪಟ್ಟಿಯ ಮೇಲೆ, ಇನ್ನು ಯಾರೂ ತಪ್ಪಿ ಮುಟ್ಟಬಾರದೆಂದು, ಎಸ್ಕಿಲ್ ದಪ್ಪ ಅಕ್ಷರಗಳಲ್ಲಿ ಅವಳ ಹೆಸರು ಬರೆದಿದ್ದ.

“ತಗೋ,” ಎಂದ.

“ಬೇಡ.”

“ನೀನೇ ಒಂದು ಸಲ ಹಾಯಿಸಿ ನೋಡು. ನಂಬಿಕೆ ಇಲ್ಲದಿದ್ರೆ ಆಮೇಲೆ ಹೇಳು.”

“ನಂಬ್ತೀನಿ,” ಎಂದಳು ಹಿಲ್ಲೆವಿ. “ನಂಗೆ ಬೇಡ, ಎಸ್ಕಿಲ್.”